ಹೀರಾಳ ಬಿಸಿನೀರು

ರಾಮಾ ನಾಯ್ಕನಿಗೆ ಹೆಂಡತಿ ಹೀರಾಳ ಮೇಲೆ ಬಲು ಪ್ರೀತಿ ಎಂಬುದನ್ನು ಕಾಲನಿಯಲ್ಲಿ ಯಾರೂ ಇಲ್ಲವೆನ್ನುವಂತಿರಲಿಲ್ಲ. ಇಲ್ಲವೆನ್ನಲು ಅವನು ಬಿಡುತ್ತಲೂ ಇರಲಿಲ್ಲ. ಬಸ್ ಸ್ಟಾಪಿನಲ್ಲಿ, ಮೀನು ಪೇಟೆಯಲ್ಲಿ, ರೇಶನ್ ಅಂಗಡಿಯ ಸಾಲಿನಲ್ಲಿ, ಎಲ್ಲಿ ನಿಂತರೂ ಮಾತು ಸುತ್ತಿ ಬಳಸಿ ಅಲ್ಲಿಗೇ ಬರುತ್ತಿತ್ತು. ತನ್ನ ಹೆಂಡತಿ ಕಟ್ಟಿಗೆ ತರಲು ಗುಡ್ಡ ಹತ್ತುವುದಿಲ್ಲ, ತನ್ನ ಮನೆಯಲ್ಲಿ ಎರಡು ಹೊತ್ತೂ ಹಂಡೆ ತುಂಬ ಬಿಸಿನೀರು, ಎಂಥ ಮಳೆಗಾಲದಲ್ಲೂ ಅವಳು ಸ್ನಾನಕ್ಕೆಂದು ಅಂಗಳ ದಾಟಬೇಕಾಗಿಲ್ಲ. ಕೇಳಿದವರು ಹೂಂಗುಟ್ಟಿ, ಅವನು ಅತ್ತ ಹೋದಮೇಲೆ ನಗುತ್ತಿದ್ದರು. ಗಂಡಸರು ನಗುತ್ತಿದ್ದರು ಎನ್ನಬೇಕು. ಹೆಂಗಸರಿಗೆ ಸ್ವಲ್ಪ ಹೊಟ್ಟೆಕಿಚ್ಚೇ ಇತ್ತು.

ಅವರಿಬ್ಬರೂ ಕಾರವಾರದ ಪಕ್ಕದ ಚೆಂಡಿಯಾದವರು. ನೌಕಾನೆಲೆಗೆ ಊರಿನ ಜಾಗ ಹೋದಾಗ ಉಳಿದವರ ಜೊತೆ ಇವರೂ ಗಂಟುಮೂಟೆ ಕಟ್ಟಿಕೊಂಡು, 2000ನೇ ಇಸವಿಯಲ್ಲಿ, ಅಂಕೋಲೆಯ ದಿಕ್ಕಿನಲ್ಲಿ ಹೆದ್ದಾರಿಯ ಬದಿಗಿದ್ದ ಪುನರ್ವಸತಿ ಕಾಲನಿಗೆ ಬಂದರು. ಹಳೆಯ ಮನೆಯಲ್ಲಿ ಬಚ್ಚಲು ಹಿತ್ತಿಲಾಚೆ ಇತ್ತು. ತೆಂಗಿನ ಮಡಲಿನ ಗೋಡೆ, ಮೇಲೆ ಅರ್ಧ ಆಕಾಶ. ಒಲೆಯ ಹೊಗೆ ಯಾರ ಅಪ್ಪಣೆಯೂ ಕೇಳದೆ ಸಮುದ್ರದ ಕಡೆ ಹೋಗಿಬಿಡುತ್ತಿತ್ತು. ಕಾಲನಿಯಲ್ಲಿ ಸಿಕ್ಕಿದ್ದು ಅಂಗೈಯಗಲದ ಜಾಗ. ರಾಮಾ ತಾನೇ ನಿಂತು ಕೆಂಪು ಚಿರೇಕಲ್ಲಿನ ಮನೆ ಕಟ್ಟಿಸಿದ, ಬಚ್ಚಲನ್ನು ಅಡುಗೆಮನೆಯ ಹಿಂದೆ ಒಂದೇ ಸೂರಿನಡಿ ತಂದ. ನಡುವಿನ ಗೋಡೆ ಆಳೆತ್ತರಕ್ಕೆ ನಿಂತಿತು, ಹೆಂಚಿನ ಮಾಡಿನವರೆಗೆ ಏರಲಿಲ್ಲ. ಬಚ್ಚಲಿಗೆ ಕಿಟಕಿ ಬೇಡವೇ ಎಂದು ಗಾರೆಯವನು ಕೇಳಿದ್ದಕ್ಕೆ, ಹೆಂಗಸರು ಮೀಯುವ ಜಾಗಕ್ಕೆ ಕಿಟಕಿ ಯಾಕೆ ಎಂದು ರಾಮಾ ಅವನನ್ನೇ ಗದರಿದ. ಹಂಡೆಯ ಒಲೆಯನ್ನು ಮಾತ್ರ ಗಾರೆಯವನ ಕೈಗೆ ಬಿಡಲಿಲ್ಲ. ಮಣ್ಣು ಕಲಸಿ, ಸೆಗಣಿ ಸಾರಿಸಿ, ಎರಡು ದಿನ ಕೂತು ತಾನೇ ಹಾಕಿದ. ಹೀರಾ ಬಂದು ನೋಡಿ, ಚಂದ ಆಗಿದೆ ಎಂದಳು. ಆ ಒಂದು ಮಾತಿಗೆ ಅವನು ವಾರವಿಡೀ ಉಬ್ಬಿಕೊಂಡಿದ್ದ.

ಹೆದ್ದಾರಿಯಾಚೆ ಒಂದು ಗೇರುಬೀಜದ ಕಾರ್ಖಾನೆ ಇತ್ತು. ಅಲ್ಲಿ ರಾಮಾನಿಗೆ ವಾಚ್‌ಮನ್ ಕೆಲಸ ಸಿಕ್ಕಿತು. ಬೀಜ ಒಡೆದಮೇಲೆ ಉಳಿಯುವ ಸಿಪ್ಪೆ ಅಂಗಳದಲ್ಲಿ ಗುಡ್ಡೆ ಬಿದ್ದಿರುತ್ತಿತ್ತು, ಕೆಲಸದವರು ಬೇಕಾದಷ್ಟು ಒಯ್ಯಬಹುದಿತ್ತು. ಗೇರುಸಿಪ್ಪೆ ಹತ್ತಿಕೊಂಡರೆ ಮತ್ತೆ ಕೇಳುವುದೇ ಬೇಡ, ಅದರೊಳಗಿನ ಎಣ್ಣೆ ಚಟಚಟ ಸಿಡಿಯುತ್ತ ಗಂಟೆಗಟ್ಟಲೆ ಉರಿಯುತ್ತದೆ. ಒಂದು ಬುಟ್ಟಿ ಸುರಿದರೆ ಒಂದು ಹಂಡೆ ನೀರು ಕುದಿಯುತ್ತದೆ. ಹೊಗೆ ಕಪ್ಪಗೆ, ಕಣ್ಣಿಗೆ ಕಾರ ಎರಚಿದಂತೆ ಇರುತ್ತದೆ, ನಿಜ. ಆದರೆ ಹೊಗೆಯಿಲ್ಲದ ಬಚ್ಚಲನ್ನು ಅವರ ಕಡೆ ಯಾರು ಕಂಡಿದ್ದರು? ಹೊಗೆಯಿದ್ದರೆ ಸೊಳ್ಳೆ ಇಲ್ಲ, ಮಾಡಿನ ಮರದ ಪಕ್ಕಾಸಿಗೆ ಹುಳ ಹಿಡಿಯುವುದಿಲ್ಲ. ರಾಮಾ ಪ್ರತಿ ಶನಿವಾರ ಸೈಕಲ್ಲಿನ ಕ್ಯಾರಿಯರಿಗೆ ಎರಡು ಚೀಲ ಸಿಪ್ಪೆ ಕಟ್ಟಿಕೊಂಡು, ಬೇಕೆಂದೇ ಕಾಲನಿಯ ನಡುದಾರಿಯಲ್ಲಿ ಬರುತ್ತಿದ್ದ. ಮೂರು ಮನೆಯಾಚೆಯ ಗಂಗೂಗೂ ತಿಂಗಳಿಗೊಂದು ಚೀಲ ಕೊಡುತ್ತಿದ್ದ. ಗಂಗೂ ಚೆಂಡಿಯಾದಲ್ಲೂ ನೆರೆಯವಳೇ. ಅವನನ್ನು ದಾದಾ ಎಂದೂ ಹೀರಾಳನ್ನು ವೈನಿ ಎಂದೂ ಕರೆದು, ಅಣ್ಣ ಅತ್ತಿಗೆಯರೆಂದೇ ಒಡಹುಟ್ಟಿದವಳಂತೆ ಇದ್ದವಳು.

ಹೀರಾಳಿಗೆ ಕೆಮ್ಮು ಹಿಡಿದದ್ದು ಎರಡನೆಯ ಮಳೆಗಾಲಕ್ಕೆ. ಹೊಸ ಜಾಗದ ನೀರು ಹಿಡಿಸಿಲ್ಲ ಎಂದರು ಎಲ್ಲರೂ. ಮಳೆಗಾಲ ಹೋಯಿತು, ಕೆಮ್ಮು ಹೋಗಲಿಲ್ಲ. ಬೆಳಿಗ್ಗೆ ಎದ್ದಕೂಡಲೇ ಗೋಡೆ ಹಿಡಿದು ಅರ್ಧ ಗಂಟೆ ಕೆಮ್ಮಿ, ಬೂದುಬಣ್ಣದ ಕಫ ಉಗುಳಿದ ಮೇಲೆಯೇ ಅವಳಿಗೆ ದಿನ ಶುರುವಾಗುತ್ತಿತ್ತು. ಅಂಕೋಲೆಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದರು. ಕ್ಷಯ ಇರಬಹುದೆಂದು ಕಫ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಮದ್ದು ಬರೆದುಕೊಟ್ಟು, ಬಿಸಿನೀರು ಕುಡಿಯಲಿ, ಹಬೆ ತೆಗೆದುಕೊಳ್ಳಲಿ ಎಂದರು.

ಹಬೆ ಎಂದ ಕೂಡಲೇ ರಾಮಾನಿಗೆ ಹಬ್ಬವಾಯಿತು. ಇದು ತನ್ನ ಕೈಯಲ್ಲಾಗುವ ವೈದ್ಯ. ಅಂದಿನಿಂದ ಅವನೇ ಎದ್ದು ಬಚ್ಚಲ ಒಲೆ ಹೊತ್ತಿಸತೊಡಗಿದ. ಒಂದು ಬುಟ್ಟಿಯ ಬದಲು ಎರಡು ಬುಟ್ಟಿ ಸಿಪ್ಪೆ ಸುರಿದ. ಒಲೆಯ ಪಕ್ಕಕ್ಕೆ ಒಂದು ಮಣೆ ಹಾಕಿ, ಬೆಚ್ಚಗೆ ಕೂತುಕೋ ಎಂದು ಅವಳನ್ನು ಕೂರಿಸಿದ, ಹೊರಗಿನ ಥಂಡಿ ತಾಗದಿರಲೆಂದು ಬಾಗಿಲು ಮುಂದಕ್ಕೆ ಮಾಡಿದ. ಅವಳು ಕಣ್ಣಲ್ಲಿ ನೀರು ಸುರಿಸಿಕೊಂಡು ಕೆಮ್ಮುತ್ತಿದ್ದರೆ, ಇವನು ಹೊರಗೆ ನಿಂತು, ಒಳಗಿನದೆಲ್ಲ ಕಿತ್ತು ಬರುತ್ತಿದೆ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದ. ಅಷ್ಟು ಪ್ರೀತಿಯಿಂದ ಮಾಡಿದ ಅವನು ಅದನ್ನು.

ಮತ್ತೊಂದು ವರ್ಷ ಕಳೆಯುವಷ್ಟರಲ್ಲಿ ಹೀರಾಳಿಗೆ ನೀರಿನ ಕೊಡ ಎತ್ತಿ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ರಾಮಾ ಹೆದರಿದ. ಕಾರವಾರದಲ್ಲಿ ಎದೆಯ ರೋಗಕ್ಕೆಂದೇ ಓದಿದ ಹೊಸ ಡಾಕ್ಟರು ಬಂದಿದ್ದಾರೆಂದು ಕೇಳಿ, ಕರೆದುಕೊಂಡು ಹೋದ. ಪ್ರಣತಿ ಎಂದು ಹೆಸರು, ಘಟ್ಟದ ಮೇಲಿನ ತೋಟದ ಮನೆತನದವರು, ಮಗಳ ವಯಸ್ಸು. ಒಂದು ಕೊಳವೆ ಕೊಟ್ಟು, ಎದೆ ತುಂಬ ಉಸಿರೆಳೆದುಕೊಂಡು ಒಂದೇ ಸಲಕ್ಕೆ ಊದಬೇಕು ಎಂದರು. ಗಂಡನ ಎದುರು ಕೆನ್ನೆ ಉಬ್ಬಿಸುವುದಕ್ಕೆ ಹೀರಾಳಿಗೆ ನಾಚಿಕೆ. ನಗು ಬಂದು, ನಗುವಿನಿಂದ ಕೆಮ್ಮು ಬಂದು, ಐದಾರು ಸಲವಾದ ಮೇಲೆ ಸರಿಯಾಗಿ ಊದಿದಳು. ಯಂತ್ರದಿಂದ ಬಂದ ಕಾಗದದ ಗೆರೆ ನೋಡಿ ಡಾಕ್ಟರು ನಗಲಿಲ್ಲ.

ಇದು ಅಸ್ತಮಾ ಅಲ್ಲ, ಅಸ್ತಮಾಕ್ಕಿಂತ ಹಟಮಾರಿ ಎಂದು ಅವರು ತಿಳಿಸಿ ಹೇಳಿದರು. ಶ್ವಾಸದ ಕೊಳವೆಗಳು ಬಾತು ಸಣ್ಣಗಾಗಿವೆ, ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರಲು ಒದ್ದಾಡುತ್ತದೆ. ಹೆಚ್ಚಾಗಿ ವರ್ಷಗಟ್ಟಲೆ ಬೀಡಿ ಸಿಗರೇಟು ಸೇದಿದವರಿಗೆ ಬರುವ ಕಾಯಿಲೆ. ಹೀರಾ ಏನಾದರೂ ಸೇದುತ್ತಿದ್ದಳೇ ಎಂದು ಕೇಳಿದಾಗ ರಾಮಾನ ಮುಖ ಕೆಂಪಾಯಿತು. ತಾನೇ ಸೇದುವವನಲ್ಲ, ತನ್ನ ಹೆಂಡತಿ ಸೇದುವುದೆಂದರೇನು? ಅಡುಗೆ ಕಟ್ಟಿಗೆ ಒಲೆಯ ಮೇಲೋ ಎಂದು ಮುಂದಿನ ಪ್ರಶ್ನೆ. ರಾಮಾ ಎದೆಯುಬ್ಬಿಸಿ, ಕಾಲನಿಗೆ ಬಂದ ವರ್ಷವೇ ಗ್ಯಾಸ್ ತಂದಿದ್ದೇನೆ, ಅಡುಗೆಮನೆಯಲ್ಲಿ ಒಂದು ಕಡ್ಡಿಯನ್ನೂ ಸುಡುವುದಿಲ್ಲ ಎಂದ. ಅದು ಅಕ್ಷರಶಃ ನಿಜ. ಬಚ್ಚಲು ಅವನ ನೆನಪಿಗೇ ಬರಲಿಲ್ಲ. ಅಡುಗೆ ಬೇರೆ, ಮೀಯುವುದು ಬೇರೆ. ಡಾಕ್ಟರು ಕೇಳಿದ್ದು ಅಡುಗೆಯನ್ನು, ಇವನು ಹೇಳಿದ್ದು ಅಡುಗೆಯನ್ನು. ಹೀರಾ ಬಾಯಿ ತೆರೆಯುವಷ್ಟರಲ್ಲಿ ಕೆಮ್ಮು ಬಂತು, ಆಮೇಲೆ ಮಾತು ಮದ್ದಿನ ಕಡೆ ಹೊರಳಿತು.

ಮದ್ದೆಂದರೆ ಒಂದು ಪುಟ್ಟ ಪ್ಲಾಸ್ಟಿಕ್ ಯಂತ್ರ. ಅದರೊಳಗೆ ಗುಳಿಗೆ ಇಟ್ಟು ತಿರುಗಿಸಿದರೆ ಒಡೆಯುತ್ತದೆ, ಒಳಗಿನ ಪುಡಿಯನ್ನು ಬಾಯಿಂದ ಜೋರಾಗಿ ಎಳೆದುಕೊಳ್ಳಬೇಕು, ಎಳೆದು ಹತ್ತು ಎಣಿಸುವವರೆಗೆ ತಡೆದಿಡಬೇಕು. ರಾಮಾ ಪಕ್ಕದಲ್ಲಿ ಕೂತು ಎಣಿಸುತ್ತಿದ್ದ. ಮೊದಮೊದಲು ಏಳರವರೆಗೆ ತಡೆಯುತ್ತಿದ್ದಳು, ವರ್ಷ ಕಳೆಯುವಾಗ ನಾಲ್ಕಕ್ಕೆ ಬಂದಿತ್ತು. ಮದ್ದು ಹೀಗೆ ಎರಡು ಹೊತ್ತು ನಡೆಯುತ್ತಿತ್ತು, ಒಲೆಯೂ ಎರಡು ಹೊತ್ತು ನಡೆಯುತ್ತಿತ್ತು.

ಅವಳ ಲೋಕ ಸಣ್ಣದಾಗುತ್ತ ಬಂತು. ಮೊದಲು ಸಂತೆ ನಿಂತಿತು. ಆಮೇಲೆ ಸದಾಶಿವಗಡದಲ್ಲಿ ಮದುವೆಯಾಗಿದ್ದ ಮಗಳು ನಿಶಾಳ ಮನೆಗೆ ಹೋಗುವುದು ನಿಂತಿತು. ಬಸ್ಸಿನ ಮೆಟ್ಟಿಲು ಎತ್ತರ. ಸೀರೆ ಉಡುವಾಗ ನಿರಿಗೆ ಹಿಡಿಯುವಷ್ಟರಲ್ಲಿ ಒಮ್ಮೆ ಮಂಚದ ಮೇಲೆ ಕೂರಬೇಕು. ಮೀನಿಗೆ ಮಸಾಲೆ ಅರೆಯಲು ಆಗದೆ ಮಿಕ್ಸರು ತಂದರು, ಅದರಲ್ಲಿ ರುಚಿ ಬರುವುದಿಲ್ಲವೆಂದು ಅವಳಿಗೆ ಸಂಕಟ. ಮಾತು ಮೂರು ಶಬ್ದಕ್ಕೊಮ್ಮೆ ನಿಲ್ಲುತ್ತಿತ್ತು. ಚೆಂಡಿಯಾದಲ್ಲಿ ಗದ್ದೆಯ ಈ ತುದಿಯಿಂದ ಆ ತುದಿಗೆ ಕೂಗಿ ಕರೆಯುತ್ತಿದ್ದ ಹೆಂಗಸು ಅವಳು. ರಾಮಾನಿಗೆ ಈಗ ಬೇಕಾಗಿದ್ದದ್ದು ಒಂದೇ. ಅವಳು ಮೊದಲಿನಂತೆ ನಡೆಯದಿದ್ದರೂ ಚಿಂತೆಯಿಲ್ಲ, ಉಸಿರು ಇನ್ನಷ್ಟು ಕಡಿಮೆಯಾಗುವುದು ನಿಲ್ಲಬೇಕು.

2005ರಲ್ಲಿ, ಗಣಪತಿ ಚವತಿಗೆ ಎಂಟು ದಿನ ಇರುವಾಗ, ಮೂರನೆಯ ಸಲ ಊದಿಸಲು ಹೋದರು. ಹೀರಾಳನ್ನು ಸಿಸ್ಟರು ಒಳಗಿನ ಕೋಣೆಗೆ ಕರೆದೊಯ್ದಿದ್ದಳು. ರಾಮಾ ಮೇಜಿನ ಈಚೆ ಕೂತು ಹಳೆಯ ಚೀಟಿಗಳನ್ನು ಒಂದೊಂದಾಗಿ ತೆಗೆದು ಕೊಡುತ್ತಿದ್ದ. ಮದ್ದು ತಪ್ಪದೆ ತೆಗೆದುಕೊಂಡೂ ಇಷ್ಟು ಬೇಗ ಇಳಿಯಲು ಏನು ಕಾರಣ ಎಂದು ತಲೆ ಕೆಡಿಸಿಕೊಂಡಿದ್ದ ಪ್ರಣತಿ ಡಾಕ್ಟರು, ಚೀಟಿ ತೆಗೆದುಕೊಳ್ಳುವಾಗ ಅವನ ಅಂಗೈ ನೋಡಿದರು. ಕಪ್ಪು ಕಲೆ, ಅಲ್ಲಲ್ಲಿ ಚರ್ಮ ಸುಲಿದು ಬಿರುಕು.

"ಇದು ಗೇರುಸಿಪ್ಪೆ ಎಣ್ಣೆ ತಾಗಿದ್ದಲ್ವಾ?" ಎಂದು ಕೇಳಿದರು. "ಸಿಪ್ಪೆ ಮನೆಗೂ ತರ್ತೀರಾ?"

"ತತ್ತೆ. ವಾರಕ್ಕೆ ಎರಡು ಚೀಲ," ಎಂದ ರಾಮಾ, ಎಂದಿನ ಹೆಮ್ಮೆಯಿಂದಲೇ. "ಬಚ್ಚಲ ಒಲೆಗೆ. ಅವಳಿಗೆ ಬಿಸಿನೀರಿಗೆ ಒಂದಿನವೂ ಕಮ್ಮಿ ಮಾಡ್ಲಿಲ್ಲ ನಾನು."

ಡಾಕ್ಟರು ಪೆನ್ನು ಕೆಳಗಿಟ್ಟರು. ಒಂದೊಂದಾಗಿ ಕೇಳಿದರು: ಬಚ್ಚಲು ಎಲ್ಲಿದೆ, ಗೋಡೆ ಎಷ್ಟೆತ್ತರ, ಕಿಟಕಿ ಇದೆಯೇ, ಒಲೆ ಎಷ್ಟು ಹೊತ್ತು ಉರಿಯುತ್ತದೆ, ಹತ್ತಿರ ಯಾರು ಕೂರುತ್ತಾರೆ. ಒಂದೊಂದಕ್ಕೂ ಉತ್ತರ ಹೇಳುತ್ತ ಹೇಳುತ್ತ ರಾಮಾನ ದನಿ ಸಣ್ಣದಾಯಿತು. ಕೊನೆಯ ಪ್ರಶ್ನೆಗೆ ಬರುವಾಗ, ತಾನು ಏನು ಹೇಳುತ್ತಿದ್ದೇನೆಂದು ಅವನಿಗೇ ಗೊತ್ತಾಗಿಬಿಟ್ಟಿತ್ತು. ಆ ಹೊಗೆ ಬೀಡಿಯ ಹೊಗೆಗಿಂತ ಕೆಟ್ಟದ್ದು, ಒಲೆಯನ್ನು ಇವತ್ತೇ ನಿಲ್ಲಿಸಬೇಕು ಎಂದರು ಡಾಕ್ಟರು. ಹೋದ ಉಸಿರು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಅವರು ಬೈಯಲಿಲ್ಲ. ತಾನೂ ಮೊದಲೇ ಕೇಳಬೇಕಿತ್ತು ಎಂದು ಮೆಲ್ಲಗೆ ಹೇಳಿದರು. ಬೈದಿದ್ದರೆ ರಾಮಾನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಹೀರಾಳಿಗೆ ತಾನೇ ತಿಳಿಸಿ ಹೇಳುತ್ತೇನೆಂದು ಅವನು ಡಾಕ್ಟರಿಗೆ ಮಾತು ಕೊಟ್ಟ. ಬಸ್ಸಿನಲ್ಲಿ ಹೇಳೋಣವೆಂದುಕೊಂಡ, ಬಸ್ಸಿನಲ್ಲಿ ಜನ ಇದ್ದರು. ಮನೆಗೆ ಹೋಗಿ ಹೇಳೋಣವೆಂದುಕೊಂಡ, ಮನೆಗೆ ಬಂದಾಗ ಅವಳು ಸುಸ್ತಾಗಿ ಮಲಗಿದ್ದಳು. ಹೇಳಬಾರದೆಂದಿದ್ದವನಿಗೆ ನೆಪಗಳಿಗೇನು ಕೊರತೆ? ಮರುದಿನ ಬೆಳಿಗ್ಗೆ ಹಾರೆ ತೆಗೆದುಕೊಂಡು, ತಾನೇ ಹಾಕಿದ ಒಲೆಯನ್ನು ತಾನೇ ಒಡೆದ. ಯಾಕೆಂದು ಅವಳು ಕೇಳಿದ್ದಕ್ಕೆ, ಗೋಡೆ ಬಿರುಕು ಬಿಟ್ಟಿದೆ, ಇನ್ನು ಕರೆಂಟಿನ ಕಾಯಿಲ್ ಹಾಕಿ ನೀರು ಕಾಯಿಸೋಣ ಎಂದ. ಕಾರ್ಖಾನೆಯಲ್ಲಿ ಈಗ ಸಿಪ್ಪೆ ಕೊಡುವುದಿಲ್ಲ ಎಂದು ಇನ್ನೊಂದು ಸುಳ್ಳನ್ನೂ ಸೇರಿಸಿದ. ಗಂಗೂಗೂ ಅದನ್ನೇ ಹೇಳಿದ.

ಹೊಗೆ ನಿಂತಮೇಲೆ ಹೀರಾಳ ಬೆಳಗಿನ ಕೆಮ್ಮು ಅರ್ಧಕ್ಕರ್ಧ ಇಳಿಯಿತು. ಉಸಿರು ಹೆಚ್ಚಲಿಲ್ಲ, ಆದರೆ ಜಗಲಿಗೆ ಬಂದು ಕೂತು ದಾರಿ ನೋಡುವಷ್ಟು ಚೇತರಿಸಿಕೊಂಡಳು. ರಾಮಾ ಸಂತೋಷಪಡಬೇಕಿತ್ತು. ಕೆಮ್ಮು ಕಡಿಮೆಯಾದಷ್ಟೂ ಡಾಕ್ಟರು ಹೇಳಿದ್ದು ನಿಜವೆಂದು ಮತ್ತೆ ಮತ್ತೆ ಸಾಬೀತಾಗುತ್ತಿತ್ತು. ಸಾಲದ್ದಕ್ಕೆ, ಬಂದವರೆದುರು ಅವಳು ಇವನನ್ನು ಹೊಗಳುತ್ತಿದ್ದಳು. ಮೂರು ಶಬ್ದಕ್ಕೊಮ್ಮೆ ನಿಂತು, ಉಸಿರು ಹೊಂದಿಸಿಕೊಂಡು, ಇವರು ಐದು ವರ್ಷ ಚೀಲ ಹೊತ್ತರು, ನನಗೆ ಬಿಸಿನೀರಿನ ಕಷ್ಟ ಎಂಬುದೇ ಗೊತ್ತಿಲ್ಲ, ಈಗಿನ ಕಾಯಿಲ್ ನೀರಿಗೆ ಆ ಹಿತ ಎಲ್ಲಿಂದ ಬರಬೇಕು ಎನ್ನುತ್ತಿದ್ದಳು. ಮೊದಲು ಇದನ್ನೆಲ್ಲ ಊರ ತುಂಬ ಹೇಳಿಕೊಂಡು ತಿರುಗಿದವನು ಈಗ ಅವಳ ಬಾಯಲ್ಲಿ ಕೇಳಲಾರದೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದ.

ಗಂಗೂ ಸುಮ್ಮನಿರುವ ಹೆಂಗಸಲ್ಲ. ದಾದಾನಿಗೆ ಸಿಗದಿದ್ದರೇನಂತೆ ಎಂದು ಮಗ ರೂಪೇಶನನ್ನು ಕಾರ್ಖಾನೆಗೆ ಕಳಿಸಿ, ಇನ್ನೊಬ್ಬ ವಾಚ್‌ಮನ್ ಬಾಬುವನ್ನು ಹಿಡಿದು ಸಿಪ್ಪೆ ತರಿಸಿಕೊಂಡಳು. ಅಲ್ಲಿಗೆ ಸುಳ್ಳು ಹೊರಬಿತ್ತು ಎಂದು ರಾಮಾ ಬೆವರಿದ. ಗಂಗೂಗೆ ಅದು ಸುಳ್ಳೆಂದೇ ಹೊಳೆಯಲಿಲ್ಲ, ಕಾರ್ಖಾನೆಯವರ ಮುಂದೆ ದಾದಾ ಬಾಯಿ ಸತ್ತವನು, ಕೇಳಲು ಬರುವುದಿಲ್ಲ ಎಂದುಕೊಂಡಳು. ಹೊಗೆ ಮಾತ್ರ ಇವನ ಮಾಡಿನಿಂದ ಅವಳ ಮಾಡಿಗೆ ಹೋಗಿತ್ತು. ಅವಳದ್ದೂ ಇಂಥದ್ದೇ ಮನೆ. ಇವನ ಬಚ್ಚಲು ನೋಡಿಯೇ ಅವಳೂ ಬಚ್ಚಲನ್ನು ಒಳಗೆ ಕಟ್ಟಿಸಿದ್ದಳು. ಆ ವರ್ಷ ರೂಪೇಶನ ಹೆಂಡತಿ ನೀತಾ ಬಸುರಿ.

ಚೈತ್ರದಲ್ಲಿ ನೀತಾ ಹೆತ್ತಳು, ಹೆಣ್ಣು ಕೂಸು. ಬಾಣಂತನವೆಂದರೆ ನಲವತ್ತು ದಿನ ಎರಡು ಹೊತ್ತು ಕುದಿವ ನೀರು. ತಾಯಿಗೆ ಕೊಡಗಟ್ಟಲೆ ಸುರಿಯಬೇಕು, ಕೂಸಿಗೆ ಎಣ್ಣೆ ಹಚ್ಚಿ ಮೀಯಿಸಬೇಕು. ಗಂಗೂ ಜಗಲಿಗೆ ಬಂದು ಹೀರಾಳಿಗೆ ಇದನ್ನೆಲ್ಲ ವರದಿ ಒಪ್ಪಿಸುತ್ತಿದ್ದಳು. ಒಂದು ದಿನ, ಕೂಸಿಗೆ ಯಾಕೋ ಮೂಗು ಕಟ್ಟುತ್ತದೆ, ಸ್ನಾನ ಮಾಡಿಸಿದ ಮೇಲೆ ಎದೆಯಲ್ಲಿ ಗೊರಗೊರ ಎನ್ನುತ್ತದೆ, ಒಲೆಯ ಹತ್ತಿರ ಇನ್ನಷ್ಟು ಹೊತ್ತು ಬೆಚ್ಚಗೆ ಇಟ್ಟುಕೊಳ್ಳಬೇಕು ಎಂದಳು. ರಾಮಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಗಂಗೂ ಎದ್ದು ಹೋದಳು. ಅವನು ಒಳಗೆ ಹೋದ, ಹೊರಗೆ ಬಂದ, ಮತ್ತೆ ಒಳಗೆ ಹೋದ. ಗಂಗೂಗೆ ಹೇಳಿದರೆ ಅರ್ಧ ಗಂಟೆಯಲ್ಲಿ ಹೀರಾಳ ಕಿವಿಗೆ ಬೀಳುತ್ತದೆ. ಹೇಳದಿದ್ದರೆ ಆ ಕೂಸು.

ಕೊನೆಗೆ ಬಂದು ಹೀರಾಳ ಮುಂದೆ, ಜಗಲಿಯ ನೆಲದ ಮೇಲೆ ಕೂತ.

"ಹೀರಾ, ನಿನ್ನ ಉಸಿರು ಹೋದದ್ದು ಆ ಗೇರುಸಿಪ್ಪೆ ಹೊಗೆಯಿಂದ. ಡಾಕ್ಟ್ರು ಹೇಳಿದ್ರು. ಒಲೆ ಒಡ್ದದ್ದು ಅದ್ಕೇ, ಬಿರುಕು ಬಿಟ್ಟು ಅಲ್ಲ. ನಾ ತಂದದ್ದು. ನಾನೇ ನಿನ್ನ ಅಲ್ಲಿ ಕೂರ್ಸಿದ್ದು."

ಹೀರಾ ಮೊಣಕಾಲಿನ ಮೇಲೆ ಕೈಯೂರಿ ಮುಂದಕ್ಕೆ ಬಾಗಿ ಕೂತಿದ್ದಳು. ಆ ಕಾಯಿಲೆಯವರು ಕೂರುವುದೇ ಹಾಗೆ. ತಲೆಯೆತ್ತದೆ ಕೇಳಿದಳು. "ಯಾವಾಗ... ಹೇಳಿದ್ರು?"

"ಚವತಿ ಮುಂಚೆ."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ರಾಮಾ ಕಾದ. ಬೈಗುಳ ಬರಲಿ, ಅಳು ಬರಲಿ, ಏನಾದರೂ ಬರಲಿ ಎಂದು ಕಾದ.

"ಎಂಟು ತಿಂಗ್ಳು," ಎಂದಳು ಹೀರಾ. "ಆ ಮನೇಲಿ... ಬಸುರಿ ಇದ್ಲು."

ಅಷ್ಟೇ ಹೇಳಿ ಎದ್ದಳು. ತಾನು ಹೋಗಿ ಹೇಳಿ ಬರುತ್ತೇನೆ, ನೀನು ಕೂರು ಎಂದು ಅವನು ಎಷ್ಟು ಹೇಳಿದರೂ ಕೇಳಲಿಲ್ಲ. ಮೂರು ಮನೆಯಾಚೆ ಗಂಗೂವಿನ ಮನೆ, ಚೆಂಡಿಯಾದ ಹೀರಾಳಿಗೆ ಅದು ದೂರವೇ ಅಲ್ಲ. ಈಗ ಮೊದಲ ಮನೆಯ ಬೇಲಿ ಹಿಡಿದು ನಿಂತಳು, ನಲ್ಲಿಯ ಕಟ್ಟೆಯ ಮೇಲೆ ಕೂತಳು, ಎರಡನೆಯ ಮನೆಯ ಗೋಡೆಗೆ ಒರಗಿದಳು. ಡಾಕ್ಟರು ಕಲಿಸಿಕೊಟ್ಟಂತೆ ತುಟಿ ಕಿರಿದು ಮಾಡಿ ಗಾಳಿಯನ್ನು ನಿಧಾನವಾಗಿ ಹೊರಗೆ ಬಿಡುತ್ತಿದ್ದಳು. ತುಟಿಯ ಬಣ್ಣ ನೇರಳೆಗೆ ತಿರುಗಿತ್ತು. ರಾಮಾ ಕೈ ಹಿಡಿಯಲು ಹೋದ. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

ಗಂಗೂವಿನ ಬಚ್ಚಲಲ್ಲಿ ಸಂಜೆಯ ಸ್ನಾನ ನಡೆದಿತ್ತು. ಹೊಗೆ ಮಾಡಿನವರೆಗೆ ಕಟ್ಟಿಕೊಂಡಿತ್ತು. ಗಂಗೂ ಒಲೆಯ ಪಕ್ಕ ಮಣೆಯ ಮೇಲೆ ಕೂತು ಎರಡೂ ಕಾಲು ಮುಂದೆ ಚಾಚಿ, ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು ಬೆನ್ನು ತಿಕ್ಕುತ್ತಿದ್ದಳು. ಕೂಸು ಅಳುತ್ತ ಅಳುತ್ತ ಮಧ್ಯೆ ಸೀನುತ್ತಿತ್ತು. ಹೀರಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮಾತು ಹೊರಡಲು ಬಹಳ ಹೊತ್ತಾಯಿತು.

"ಗಂಗೂ, ಕೂಸನ್ನ... ಹೊರಗೆ ತಕ್ಕಂಡು ಬಾ. ಈ ಹೊಗೆಯೇ... ನನ್ನ ತಿಂದದ್ದು. ಡಾಕ್ಟ್ರು... ಹೇಳಿದಾರೆ."

ಗಂಗೂ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಗಡಬಡಿಸಿ ಹೊರಗೆ ಬಂದಳು. ಹೀರಾಳ ಮುಖ ನೋಡಿದಳು, ಹಿಂದೆ ನಿಂತಿದ್ದ ರಾಮಾನ ಮುಖ ನೋಡಿದಳು. ಅವಳ ಕಣ್ಣಲ್ಲಿ ಒಂದು ಪ್ರಶ್ನೆ ಹುಟ್ಟುತ್ತಿದ್ದುದು ರಾಮಾನಿಗೆ ಕಂಡಿತು. ಈ ಕಾಲನಿಗೆ ಗೇರುಸಿಪ್ಪೆ ತಂದವರು ಯಾರು ಎಂದು ಕೇಳಬೇಕಾಗಿಯೇ ಇರಲಿಲ್ಲ, ಸೈಕಲ್ಲು ಎಲ್ಲರೂ ಕಂಡದ್ದೇ. ಹೀರಾಳಿಗೂ ಅದು ಕಂಡಿರಬೇಕು.

"ಇವ್ರು ಬೇಡ... ಬೇಡ ಅಂದ್ರು," ಎಂದಳು. "ಹೊಗೆ ಕೆಟ್ಟದ್ದು... ಹೇಳಿದ್ರು. ನಾನೇ ಹಟ ಮಾಡಿ... ತರ್ಸಿದ್ದು. ಬಿಸಿನೀರಿನ... ಆಸೆಗೆ."

ಗಂಗೂವಿನ ಕಣ್ಣಿನ ಪ್ರಶ್ನೆ ಅಲ್ಲೇ ಕರಗಿ, ಅಯ್ಯೋ ಎಂಬ ಮರುಕ ಬಂತು. ರಾಮಾ ಅಲ್ಲವೆಂದು ಹೇಳಬಹುದಿತ್ತು. ಒಂದೇ ಶಬ್ದ ಸಾಕಿತ್ತು, ಅವನಿಗೇನು ಉಸಿರಿನ ಕೊರತೆ ಇರಲಿಲ್ಲ. ನೆಲ ನೋಡುತ್ತ ನಿಂತ.

ತಿರುಗಿ ಬರುವಾಗ ನಲ್ಲಿಯ ಕಟ್ಟೆಯ ಮೇಲೆ ಅವಳನ್ನು ಕೂರಿಸಿ, ಹಾಗೆ ಯಾಕೆ ಹೇಳಿದೆ ಎಂದು ಕೇಳಿದ. ಅವಳು ಉಸಿರು ಸರಿಹೋಗುವವರೆಗೆ ಕಾದಳು.

"ನಾ ಹೋಗ್ತೆ. ನೀವು... ಇಲ್ಲೇ ಇರ್ಬೇಕಲ್ಲ. ನಾಳೆ ಒಂದು ಲೋಟ... ಗಂಜಿ ಕೊಡುವವ್ರು... ಇವ್ರೇ."

"ನನ್ನ ಮೇಲೆ ಸಿಟ್ಟಿಲ್ವ ನಿಂಗೆ?"

"ಸಿಟ್ಟಿಗೂ... ಉಸಿರು ಬೇಕು," ಎಂದಳು ಹೀರಾ. ಇಲ್ಲ ಎಂದು ಮಾತ್ರ ಹೇಳಲಿಲ್ಲ.

ಆಮೇಲೆ ಆ ಮಾತನ್ನು ಅವಳು ಎತ್ತಲಿಲ್ಲ, ಅವನಿಗೆ ಎತ್ತುವ ಧೈರ್ಯವಾಗಲಿಲ್ಲ. ಮದ್ದಿನ ಹೊತ್ತಿಗೆ ಪಕ್ಕದಲ್ಲಿ ಕೂತು ಎಣಿಸುತ್ತಿದ್ದ, ಅವಳು ಎಳೆದುಕೊಳ್ಳುತ್ತಿದ್ದಳು. ಬಂದವರೆದುರು ಅವಳು ಅವನನ್ನು ಹೊಗಳುವುದು ಮಾತ್ರ ನಿಂತಿತು. ಗಂಗೂ ಕಾಲನಿಯಿಡೀ ತಿರುಗಿ ಸುದ್ದಿ ಮುಟ್ಟಿಸಿದಳು. ಗೇರುಸಿಪ್ಪೆ ಉರಿಸುತ್ತಿದ್ದ ಆರೇಳು ಮನೆಗಳಲ್ಲಿ ಒಲೆಗಳು ಅಂಗಳಕ್ಕೆ ಹೋದವು. ಗಂಗೂವಿನ ಮೊಮ್ಮಗಳ ಎದೆಯ ಗೊರಗೊರ ತಿಂಗಳೊಳಗೆ ವಾಸಿಯಾಯಿತು. ಆ ಕೂಸನ್ನು ತಂದು ಹೀರಾಳ ತೊಡೆಯ ಮೇಲೆ ಮಲಗಿಸುತ್ತಿದ್ದರು. ಅವಳು ಅದರ ಮೂಗಿನ ಹತ್ತಿರ ಕೈ ಹಿಡಿದು, ಗಾಳಿ ಹೋಗಿ ಬರುವುದನ್ನು ನೋಡುತ್ತಿದ್ದಳು.

ಆಷಾಢದ ಮಳೆಗೆ ಹೀರಾಳಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಕಾರವಾರದ ಆಸ್ಪತ್ರೆಗೆ ಸೇರಿಸಿದರು. ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದ್ದರೂ ಎದೆ ಮೇಲಕ್ಕೂ ಕೆಳಕ್ಕೂ ಹೊಯ್ದಾಡುತ್ತಿತ್ತು. ಪ್ರಣತಿ ಡಾಕ್ಟರು ಎರಡು ಸಲ ಬಂದು ನೋಡಿದರು. ಹೊರಗೆ ಕರೆದು, ಅವರಿಗೆ ಹೇಳಿದಿರಾ ಎಂದು ಕೇಳಿದಾಗ ರಾಮಾ ಹೌದೆಂದು ತಲೆಯಾಡಿಸಿದ. ಅವರು ಮತ್ತೇನೂ ಕೇಳದೆ ಅವನ ಭುಜ ಮುಟ್ಟಿ ಹೋದರು. ಮೂರನೆಯ ದಿನ ಮಧ್ಯಾಹ್ನ, ನಿಶಾ ತಾಯಿಯ ಕಾಲು ಒತ್ತುತ್ತಿದ್ದಾಗ, ಹೀರಾ ಒಂದು ಉಸಿರು ಬಿಟ್ಟಳು. ಮುಂದಿನದಕ್ಕೆ ರಾಮಾ ಕಾದ. ಅದು ಬರಲಿಲ್ಲ.

ಹನ್ನೆರಡನೆಯ ದಿನ ಊಟಕ್ಕೆ ಕಾಲನಿಯವರೆಲ್ಲ ಬಂದಿದ್ದರು. ಚೆಂಡಿಯಾದ ಹಳೆಯ ನೆರೆಹೊರೆಯವರು ಎಲ್ಲೆಲ್ಲಿಂದಲೋ ಬಂದರು. ಎಲೆ ಹಾಕಿ ಬಡಿಸುವಾಗ ಮಾತು ಸಹಜವಾಗಿ ಅವಳ ಕಡೆ ಹೊರಳಿತು. ಪಾಪ, ಬಿಸಿನೀರಿನ ಚಪಲಕ್ಕೆ ಜೀವ ಕಳೆದುಕೊಂಡಳು ಎಂದಳು ಒಬ್ಬಳು. ಗಂಡ ಬೇಡವೆಂದರೂ ಕೇಳಲಿಲ್ಲವಂತೆ, ಹಟಮಾರಿ, ಎಂದಳು ಇನ್ಯಾರೋ. ಹಾಗೆಲ್ಲ ಹೇಳಬೇಡಿ, ಸಾಯುವ ಮೊದಲು ಎಲ್ಲರ ಮನೆ ಉಳಿಸಿ ಹೋದಳು ಎಂದು ಗಂಗೂ ಅವರ ಬಾಯಿ ಮುಚ್ಚಿಸಿದಳು.

ರಾಮಾ ಎಲೆಯ ಮುಂದಿನಿಂದ ಎದ್ದು ನಿಂತ.

"ಅವಳು ಹಟ ಮಾಡ್ಲಿಲ್ಲ," ಎಂದ. "ಒಂದಿನವೂ ಕೇಳ್ಲಿಲ್ಲ ಅವಳು. ನಾನೇ ತಂದದ್ದು. ನಾನೇ ಬಾಗ್ಲು ಹಾಕಿ ಹೊಗೆಯಲ್ಲಿ ಕೂರ್ಸಿದ್ದು. ಗೊತ್ತಾದ್ಮೇಲೂ ಎಂಟು ತಿಂಗ್ಳು ಬಾಯಿ ಬಿಡ್ಲಿಲ್ಲ ನಾನು."

ಹಿರಿಯರೊಬ್ಬರು ಪಕ್ಕದವರ ಕಡೆ ತಿರುಗಿ, ಹೆಂಡತಿ ಹೋದ ದುಃಖ, ತನ್ನ ಮೇಲೇ ಹಾಕಿಕೊಳ್ಳುತ್ತಿದ್ದಾನೆ ಎಂದರು. ಹೌದು, ಹೌದು, ಅಷ್ಟು ಪ್ರೀತಿ ಇತ್ತಲ್ಲ ಎಂದರು ಉಳಿದವರು. ನಿಶಾ ಅಳುತ್ತ ಬಂದು ಅಪ್ಪನ ತೋಳು ಹಿಡಿದು ಕೂರಿಸಿದಳು. ಅವನು ನಿಜ, ನಿಜ ಎಂದು ಇನ್ನೆರಡು ಸಲ ಹೇಳಿದ. ಹೇಳಿದಷ್ಟೂ ಜನರ ಕಣ್ಣಲ್ಲಿ ಅವನ ಬಗ್ಗೆ ಮರುಕ ಹೆಚ್ಚಿತು.

"ಊಟ ಮಾಡು ದಾದಾ," ಎಂದಳು ಗಂಗೂ. "ವೈನಿ ನನ್ನ ಬಾಗ್ಲಲ್ಲಿ ನಿಂತು ತನ್ನ ಬಾಯಾರೆ ಹೇಳಿದಾಳೆ. ಅಷ್ಟು ಕಷ್ಟಪಟ್ಟು ನಡ್ದು ಬಂದವಳು ಸುಳ್ಳು ಹೇಳ್ತಾಳಾ?"

ಗಂಗೂ ಅವನ ಎಲೆಗೆ ಇನ್ನೊಂದು ಸೌಟು ಅನ್ನ ಬಡಿಸಿ, ಸಾರು ಹಾಕಿ, ಅವನು ತುತ್ತು ಎತ್ತುವವರೆಗೂ ಎದುರಿಗೇ ಕೂತಳು. ಅವನು ಉಂಡ.